ಒರೆಸದ ನಲ್ಲಿ

ಹೋದ ವಾರ ನಾನು ಮೊದಲು ಕೆಲಸ ಮಾಡುತ್ತಿದ್ದ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಎಂಎಸ್ಸಿ ಮುಗಿಸಿದ್ದಾಳೆ, ಚುರುಕಾಗಿದ್ದಾಳೆ. ಚಹಾ ಆರುವಷ್ಟರಲ್ಲಿ ನೀರು ಶುದ್ಧ ಮಾಡುವ ರೆಸಿನ್ನಿನ ಬಗ್ಗೆ ನನಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ಅವಳೇ ಹೇಳಿಬಿಟ್ಟಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಆಂಟಿ, ಪುಸ್ತಕದಾಗೆ ಇಲ್ಲದ್ದು ಏನಾದ್ರೂ ಹೇಳ್ರಿ" ಅಂದಳು. "ಜಾರದಂಥ ಚಪ್ಪಲಿ ಹಾಕ್ಕೊಂಡು ಹೋಗಮ್ಮ" ಎಂದು ಕಳಿಸಿದೆ. ಅವಳು ಬಸ್ಸು ಹತ್ತಿದ ಮೇಲೆ ಹೇಳಬೇಕಾದದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಅವಳಂಥವರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಚಳ್ಳಕೆರೆಯವಳು. ಹುಟ್ಟಿದ ಮನೆ ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿತ್ತು. ನೌಕರಿಯೂ ಇದೇ ಊರಿನಲ್ಲಿ ಸಿಕ್ಕಿತು, ನಿವೃತ್ತಿಯೂ ಇಲ್ಲೇ ಆಯಿತು. ನಡುವೆ ಬಂದ ಬಡ್ತಿಗಳ ವಿಷಯ ಬಿಡಿ, ಕುರ್ಚಿ ಬದಲಾಯಿತು, ಅಷ್ಟೇ. ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸದಂಥ ಲೋಹ ಸೇರಿದೆಯೇ ಎಂದು ನೋಡುವುದು, ಸೇರಿದ್ದರೆ ತೆಗೆಯುವ ದಾರಿ ಹುಡುಕುವುದು, ಇದು ನನ್ನ ಕೆಲಸವಾಗಿತ್ತು. ಉಪ್ಪು ನೀರಾದರೆ ನಾಲಿಗೆ ಹೇಳುತ್ತದೆ, ಕೊಳೆತ ನೀರಾದರೆ ಮೂಗು ಹೇಳುತ್ತದೆ. ಸೀಸ ಯಾರಿಗೂ ಏನೂ ಹೇಳುವುದಿಲ್ಲ. ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೂಳೆಯಲ್ಲಿ ಕೂತುಬಿಡುತ್ತದೆ. ದೊಡ್ಡವರಿಗಿಂತ ಮಕ್ಕಳಿಗೆ, ಅದಕ್ಕಿಂತಲೂ ಹೊಟ್ಟೆಯಲ್ಲಿರುವ ಕೂಸಿಗೆ ಅದರಿಂದ ಹೆಚ್ಚು ಕೇಡು.

ನಾನು ಸೇರಿದ ಹೊಸತರಲ್ಲಿ ಸೀಸ ಹುಡುಕುವುದೆಂದರೆ ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸನ್ನು ನೀರಿನೊಳಗೆ ಬಿಟ್ಟು, ಕಂದು ಬಣ್ಣ ಬಂತೇ ಎಂದು ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡುವುದು. ಆ ವಾಸನೆ ಸೀರೆಗೆ ಹತ್ತಿಕೊಂಡು ಮನೆಯವರೆಗೂ ಬರುತ್ತಿತ್ತು. ನಾನು ಬಚ್ಚಲಿಗೆ ಹೋಗಿ ಸ್ನಾನ ಮಾಡಿ ಬರುವ ತನಕ ಅತ್ತೆ ಅಡುಗೆಮನೆಗೆ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದರೂ ಕಣ್ಣಿಗೆ ಕಾಣುತ್ತಿದ್ದದ್ದು ಭಾರಿ ಪ್ರಮಾಣದ ಸೀಸ ಮಾತ್ರ. ಸ್ವಲ್ಪವಿದ್ದರೆ ಕಾಣದು, ಆದರೆ ಸ್ವಲ್ಪವಿದ್ದರೂ ಕೆಟ್ಟದ್ದೇ. ಹಾಗಾಗಿ ಅನುಮಾನ ಬಂದ ಬಾಟಲಿಗಳನ್ನು ಬಸ್ಸಿನಲ್ಲಿ ದೊಡ್ಡ ಊರಿಗೆ ಕಳಿಸುತ್ತಿದ್ದೆವು. ಉತ್ತರ ಬರುವ ಹೊತ್ತಿಗೆ ಊರಿನವರು ಆ ನೀರನ್ನು ಕುಡಿದು ಮುಗಿಸಿರುತ್ತಿದ್ದರು.

ಆಮೇಲೆ ರೆಸಿನ್ ಬಂತು. ಸಾಸಿವೆ ಕಾಳಿನಷ್ಟು ಗಾತ್ರದ, ಸಬ್ಬಕ್ಕಿ ಬಣ್ಣದ ಮಣಿಗಳು. ಅದೊಂದು ಬಗೆಯ ಪಾಲಿಮರ್, ಅಂದರೆ ಪ್ಲಾಸ್ಟಿಕ್ಕಿನ ಬಳಗದ್ದೇ. ಆದರೆ ಅದರ ಒಳಗೆಲ್ಲ ಕಣ್ಣಿಗೆ ಕಾಣದ ಕೊಕ್ಕೆಗಳು. ನೀರಿನಲ್ಲಿರುವ ಸುಣ್ಣದಂಶವನ್ನು ಅವು ಸಡಿಲವಾಗಿ ಹಿಡಿದಿರುತ್ತವೆ, ಸೀಸ ಬಂದರೆ ಅದನ್ನು ಬಿಟ್ಟು ಸೀಸವನ್ನು ಹಿಡಿಯುತ್ತವೆ. ಆಸಿಡ್ಡಿನಲ್ಲಿ ತೊಳೆದರೆ ಹಿಡಿದದ್ದನ್ನೆಲ್ಲ ಬಿಟ್ಟುಕೊಡುತ್ತವೆ. ಬಕೆಟ್ಟುಗಟ್ಟಲೆ ನೀರನ್ನು ಮಣಿಗಳ ಮೂಲಕ ಹರಿಸಿ, ಕೊನೆಗೆ ಒಂದು ಸಣ್ಣ ಲೋಟದಷ್ಟು ಆಸಿಡ್ಡಿನಲ್ಲಿ ತೊಳೆದರೆ, ಅಷ್ಟೂ ನೀರಿನ ಸೀಸ ಆ ಲೋಟಕ್ಕೆ ಬಂದಿರುತ್ತದೆ, ಸ್ವಲ್ಪವಿದ್ದರೂ ಪತ್ತೆಯಾಗುತ್ತದೆ. ಹುಡುಕುವುದಕ್ಕೂ ಅದೇ ಮಣಿ, ನೀರು ಶುದ್ಧ ಮಾಡುವುದಕ್ಕೂ ಅದೇ ಮಣಿ.

ಮೊದಲ ಚೀಲ ಬಂದ ದಿನವೇ ನಮ್ಮ ಮೇಲಧಿಕಾರಿ ಪಾಲಾಕ್ಷಪ್ಪನವರು ಪೆಟ್ಟು ತಿಂದರು. ಒಳ್ಳೆಯ ಮನುಷ್ಯ, ಲೆಕ್ಕದಲ್ಲಿ ಗಟ್ಟಿ, ತಾಳ್ಮೆ ಮಾತ್ರ ದೇವರು ಕೊಟ್ಟಿರಲಿಲ್ಲ. ಒಣ ಮಣಿಗಳನ್ನು ಗಾಜಿನ ಕೊಳವೆಗೆ ಕಂಠದ ತನಕ ತುಂಬಿ, ನೀರು ಬಿಟ್ಟು, ಬಿರಡೆ ಜಡಿದು, "ಬನ್ನಿ ಗಿರಿಜಮ್ಮ, ಮಂಡಕ್ಕಿ ಮೆಣಸಿನಕಾಯಿ ತಿಂದು ಬರೋಣ" ಎಂದು ಎಲ್ಲರನ್ನೂ ಹೊರಡಿಸಿಕೊಂಡು ಹೋದರು. ಒಣ ರೆಸಿನ್ ನೀರು ಕುಡಿದರೆ ಉಬ್ಬುತ್ತದೆ. ನಾವು ಬರುವ ಹೊತ್ತಿಗೆ ಕೊಳವೆ ಸೀಳಿ, ಮಣಿಗಳು ನೆಲದ ತುಂಬ ಹರಡಿದ್ದವು. ಮೊದಲು ಒಳಗೆ ಕಾಲಿಟ್ಟವರು ಅವರೇ. ಒಂದು ವಾರ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡಿದರು. ಚಪ್ಪಲಿಯ ಮಾತು ನನ್ನ ಬಾಯಿಗೆ ಬಂದದ್ದು ಅದಕ್ಕೇ.

ಕೊಂಡ್ಲಹಳ್ಳಿ ಕಡೆಯ ರೈತರೊಬ್ಬರು ತಮ್ಮ ಬೋರಿನ ನೀರನ್ನು ಶೇಂಗಾ ಎಣ್ಣೆಯ ಡಬ್ಬದಲ್ಲಿ ತಂದುಕೊಟ್ಟದ್ದೂ ಆ ಕಾಲದಲ್ಲೇ. ಮೂರು ಸಲ ಹುಣಸೆಹಣ್ಣು ಹಾಕಿ ತೊಳೆದಿದ್ದೇನೆ ಎಂದು ಆಣೆ ಮಾಡಿದರು. ನಾನೂ ನಂಬಿ ಮಣಿಗಳ ಮೇಲೆ ಸುರಿದೆ. ಎಣ್ಣೆಯ ಪಸೆ ಮಣಿಗಳನ್ನೆಲ್ಲ ಮುಚ್ಚಿಕೊಂಡಿತು, ಅವು ಮತ್ತೆ ಏನನ್ನೂ ಹಿಡಿಯಲಿಲ್ಲ. ಆವತ್ತಿನಿಂದ ಜನ ತಂದ ಬಾಟಲಿ ಬೇಡ, ನಮ್ಮ ಬಾಟಲಿಯಲ್ಲಿ ನಮ್ಮವರೇ ಹೋಗಿ ತುಂಬಿಕೊಂಡು ಬರಬೇಕು ಎಂದಾಯಿತು. ಆ ಕೆಲಸ ತಿಪ್ಪೇಸ್ವಾಮಿಯ ಪಾಲಿಗೆ ಬಂತು.

ತಿಪ್ಪೇಸ್ವಾಮಿ ನಮ್ಮ ವ್ಯಾನಿನ ಡ್ರೈವರು. ನನಗಿಂತ ನಾಲ್ಕಾರು ವರ್ಷ ದೊಡ್ಡವನು, ಮಾತು ಕಡಿಮೆ, ದೈವಭಕ್ತ. ಬಾಟಲಿ ತುಂಬುವ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆವು. ನಲ್ಲಿಯ ಬಾಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು, ಸ್ವಲ್ಪ ಹೊತ್ತು ನೀರು ಹರಿಯಬಿಡಬೇಕು, ಆಮೇಲೆ ತುಂಬಬೇಕು, ಕೊನೆಗೆ ಲೋಹ ಬಾಟಲಿಯ ಗೋಡೆಗೆ ಅಂಟದಿರಲೆಂದು ನಾವು ಕೊಟ್ಟ ಆಸಿಡ್ಡಿನ ಹನಿ ಹಾಕಿ ಮುಚ್ಚಬೇಕು. ಅವನು ಅದನ್ನು ಓದಿ ತಲೆಯಾಡಿಸಿದ್ದ.

ಇನ್ನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ದೇವಸಮುದ್ರ ದಾಟಿ, ಆಂಧ್ರದ ಗಡಿಗೆ ಹತ್ತಿಕೊಂಡಂತೆ ಒಂದು ಹಟ್ಟಿ ಇದೆ. ಹೆಸರು ಬೇಡ. ಹಳೆಯ ಕೈಪಂಪಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರಿಂದ ಅಲ್ಲಿ ಅರ್ಧ ಜನರ ಮಂಡಿ ಬಗ್ಗುತ್ತಿರಲಿಲ್ಲ, ಮಕ್ಕಳ ಹಲ್ಲು ಕಂದುಗಟ್ಟಿತ್ತು. ಬಹಳ ಓಡಾಟದ ಮೇಲೆ ಹೊಸ ಬೋರು ಕೊರೆದರು, ಸಿಹಿನೀರು ಸಿಕ್ಕಿತು. ಬೇವಿನ ಮರದ ಕೆಳಗೆ ಕಟ್ಟೆ ಕಟ್ಟಿ ಒಂದು ನಲ್ಲಿ ಕೂರಿಸಿದರು. ಆ ನಲ್ಲಿಯ ನೀರನ್ನು ತಂದು ನೋಡಿದರೆ ಸೀಸ, ಅದೂ ಇರಬೇಕಾದ ಮಿತಿಗಿಂತ ಹಲವು ಪಟ್ಟು.

ನಾನೂ ಪಾಲಾಕ್ಷಪ್ಪನವರೂ ಹಟ್ಟಿಗೆ ಹೋದೆವು. ಕಟ್ಟೆಯ ಬಳಿ ಹೆಂಗಸರು ಸೇರಿದರು. ಅವರ ಪರವಾಗಿ ಮಾತಾಡಿದವರು ಓಬಮ್ಮ. ಬೋರು ಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದವರು ಆಕೆಯೇ.

"ಸಾಹೇಬ್ರೆ, ನನ್ನ ಮಂಡಿ ನೋಡ್ರಿ" ಎಂದು ಸೀರೆಯನ್ನು ಸ್ವಲ್ಪ ಎತ್ತಿ ತೋರಿಸಿದರು. "ಇದು ಹಳೇ ನೀರು ಕುಡ್ದು ಆಗಿದ್ದು. ಈ ಗಂಗಮ್ಮ ಬಂದ್ಮ್ಯಾಗೆ ನಾವು ಮನುಷ್ಯರಂಗೆ ಆಗೀವಿ. ಈಗ ಇದ್ರಾಗೂ ವಿಷ ಐತೆ ಅಂದ್ರೆ ನಾವು ಎಲ್ಲಿಗೆ ಹೋಗಾದು?"

ಪಾಲಾಕ್ಷಪ್ಪನವರು ಫಿಲ್ಟರ್ ಹಾಕಿಸುತ್ತೇವೆ ಎಂದರು. ಹೊರಟಾಗ ಓಬಮ್ಮನ ಮಗಳು ಗಂಗಿ ನನ್ನನ್ನು ಪಕ್ಕಕ್ಕೆ ಕರೆದಳು. ಹೆರಿಗೆಗೆಂದು ತವರಿಗೆ ಬಂದಿದ್ದಳು, ಐದು ತಿಂಗಳ ಬಸುರಿ. ಇದಕ್ಕೂ ಮೊದಲು ಎರಡು ಸಲ ಬಸಿರು ನಿಂತಿರಲಿಲ್ಲ. ಅದಕ್ಕೇ ಈ ಸಲ ಅವಳ ಗಂಡನ ಮನೆಯವರೂ ಬೇಗನೆ ಕಳಿಸಿದ್ದರು.

"ಅಕ್ಕ, ನಾನು ಇದೇ ನೀರು ಕುಡಿಯಾದು. ಕೂಸಿಗೆ ಏನಾರ ಆಗ್ತೈತಾ?"

"ಫಿಲ್ಟರ್ ಹಾಕೋ ತನಕ ಕುಡಿಯೋ ನೀರು ಬೇರೆ ಕಡೆಯಿಂದ ತರಿಸ್ಕೋ" ಅಂದೆ. ಬೇರೆ ಕಡೆ ಎಂದರೆ ಎಲ್ಲಿ ಎಂದು ಅವಳು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ನಲ್ಲಿಗೆ ಬರುವ ಪೈಪಿಗೆ ರೆಸಿನ್ ತುಂಬಿದ ಫಿಲ್ಟರ್ ಕೂರಿಸಿದೆವು. ಓಬಮ್ಮ ತೆಂಗಿನಕಾಯಿ ಒಡೆದು ಅದಕ್ಕೂ ಪೂಜೆ ಮಾಡಿದರು. ತಿಂಗಳಾದ ಮೇಲೆ ತಿಪ್ಪೇಸ್ವಾಮಿ ಬಾಟಲಿ ತಂದ. ಸೀಸ ಹಾಗೇ ಇತ್ತು. ಮಣಿಗಳು ತುಂಬಿಹೋಗಿರಬೇಕೆಂದು ಹೊಸ ಫಿಲ್ಟರ್ ಹಾಕಿದೆವು. ಮತ್ತೆ ಬಾಟಲಿ ಬಂತು, ಮತ್ತೆ ಸೀಸ.

ಪಾಲಾಕ್ಷಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಫಿಲ್ಟರ್ ತಡೆಯಲಾರದಷ್ಟು ಸೀಸ ಆ ಬೋರಲ್ಲಿದೆ ಗಿರಿಜಮ್ಮ. ಇನ್ನು ಮುಚ್ಚಿಸೋದೇ. ಸೋಮವಾರ ಪಂಚಾಯ್ತಿಗೆ ಕಾಗದ ಬರೀತೀನಿ, ಕುಡೀಬಾರದು ಅಂತ ನಲ್ಲಿಗೆ ಕೆಂಪು ಬಣ್ಣ ಹೊಡೀಲಿ."

ಹೇಳಿದ್ದು ತಪ್ಪಲ್ಲ. ಇದ್ದ ಅಂಕಿಗಳನ್ನು ನೋಡಿದರೆ ನಾನಾದರೂ ಅದನ್ನೇ ಹೇಳಬೇಕಿತ್ತು. ಆದರೆ ಮುಚ್ಚಿದರೆ ಆ ಜನ ಮತ್ತೆ ಹಳೆಯ ಕೈಪಂಪಿಗೆ ಹೋಗಬೇಕು. ಗಂಗಿಯ ಮುಖ ಕಣ್ಣಮುಂದೆ ಬಂತು. ಬಿಚ್ಚಿ ತಂದ ಮೊದಲ ಫಿಲ್ಟರ್ ಮೂಲೆಯಲ್ಲಿ ಬಿದ್ದಿತ್ತು. ಅದರೊಳಗೆ ಎಷ್ಟು ಸೀಸ ತುಂಬಿದೆಯೋ ನೋಡಿಯಾದರೂ ಮುಚ್ಚಲಿ ಎನ್ನಿಸಿತು. ಗರಗಸ ಹಿಡಿದು ಅದನ್ನು ಮೂರು ತುಂಡು ಮಾಡಿದೆ. ನೀರು ಒಳಗೆ ಬರುವ ಕಡೆಯ ಮಣಿ, ನಡುವಿನ ಮಣಿ, ಹೊರಗೆ ಹೋಗುವ ಕಡೆಯ ಮಣಿ, ಬೇರೆ ಬೇರೆ ಲೋಟಕ್ಕೆ ಹಾಕಿ ಆಸಿಡ್ಡಿನಲ್ಲಿ ತೊಳೆದೆ. ಮೂರರಲ್ಲೂ ಸುಣ್ಣದಂಶ ಬೇಕಾದಷ್ಟಿತ್ತು. ಸೀಸ ಇರಲಿಲ್ಲ.

"ಅಂದ್ರೆ ಮಣಿಗಳೇ ಕೆಟ್ಟಿವೆ" ಎಂದರು ಪಾಲಾಕ್ಷಪ್ಪನವರು.

ಅವರ ಎದುರೇ ಸೀಸ ಬೆರೆಸಿದ ನೀರು ಮಾಡಿ ಅದೇ ಮಣಿಗಳ ಮೇಲೆ ಸುರಿದೆ. ಚೊಕ್ಕವಾಗಿ ಹಿಡಿದುಕೊಂಡವು. ಅಂದರೆ ಮಣಿಗಳು ಸರಿಯಾಗಿವೆ, ಅವುಗಳ ಮೂಲಕ ಹಾದ ನೀರಿನಲ್ಲಿ ಸೀಸ ಇರಲೇ ಇಲ್ಲ. ಬಾಟಲಿಯಲ್ಲಿ ಮಾತ್ರ ಇದೆ. ಫಿಲ್ಟರಿಗೂ ಬಾಟಲಿಗೂ ನಡುವೆ ಇರುವುದು ಗೇಣುದ್ದದ ಪೈಪು, ಒಂದು ನಲ್ಲಿ.

ತಿಪ್ಪೇಸ್ವಾಮಿಯನ್ನು ಕರೆದೆ. "ನಲ್ಲಿ ಬಾಯಿ ಒರೆಸಿ ತಾನೇ ತುಂಬೋದು?"

ಅವನು ನೆಲ ನೋಡಿದ. "ಎಲ್ಲಾ ಊರಾಗೂ ಒರೆಸ್ತೀನಿ ಮೇಡಮ್ಮೋರೆ."

"ಆ ಹಟ್ಟಿಯಾಗೆ?"

"ನಮ್ಮ ಸರದಿ ಆ ಕಡೆಗೆ ಶನಿವಾರ. ಹಿಂದಿನ ದಿನ ಪೂಜೆ ಆಗಿರ್ತೈತೆ. ಅರಿಶಿನ ಕುಂಕುಮ ಮೆತ್ತಿ ಹೂವ ಇಟ್ಟಿರ್ತಾರೆ. ಗಂಗಮ್ಮನ ಮುಖದ ಮ್ಯಾಲಿನ ಕುಂಕುಮನ ಹೊಲಸು ಬಟ್ಟೆ ತಗಂಡು ಒರೆಸಾದು ಹೆಂಗೆ? ಚಪ್ಪಲಿ ಬಿಟ್ಟು, ಕೈ ಮುಗಿದು, ನೀರೂ ಚೆಲ್ಲದೆ ಹಂಗೇ ಹಿಡ್ಕಂಡು ಬರ್ತೀನಿ. ನಿಮ್ಮ ಕೈಲಿ ಆದ್ರೆ ನೀವು ಒರೆಸ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದದ್ದು ಯಾರಿಗೆ ಎಂದು ರೇಗಿದೆ. ರೇಗಿ ಮುಗಿದ ಮೇಲೆ, ನಾನೇ ಹೋಗಿದ್ದರೆ ಒರೆಸುತ್ತಿದ್ದೆನೇ ಎಂದು ಯೋಚನೆ ಬಂತು.

"ಆ ಕುಂಕುಮ ಎಲ್ಲಿಂದ ತರ್ತಾರೆ?" ಎಂದೆ.

"ಇಲ್ಲೇ, ಚಳ್ಳಕೆರೆ ಸಂತೆಯಾಗೆ ಗುಡ್ಡೆ ಹಾಕಿ ಮಾರ್ತಾರಲ್ರಿ, ಅದೇ." ಹಟ್ಟಿಯ ಹೆಂಗಸರು ಅವನಿಗೂ ಒಂದು ಪೊಟ್ಟಣ ಪ್ರಸಾದ ಕೊಟ್ಟಿದ್ದರು. ವ್ಯಾನಿನಲ್ಲಿ ದೇವರ ಪಟದ ಮುಂದೆ ಇಟ್ಟಿದ್ದ. ಹೋಗಿ ತಂದ.

ಬಿಳಿ ಪಿಂಗಾಣಿ ಬಟ್ಟಲಿಗೆ ಒಂದು ಚಿಟಿಕೆ ಹಾಕಿ, ಮೇಲೆ ನೈಟ್ರಿಕ್ ಆಸಿಡ್ಡಿನ ಹನಿ ಬಿಟ್ಟೆ. ಅರಿಶಿನ, ಸುಣ್ಣ ಹಾಕಿ ಮಾಡಿದ ಕುಂಕುಮವಾಗಿದ್ದರೆ ಹಳದಿಗೆ ತಿರುಗಬೇಕು. ಇದು ಚಾಕೊಲೇಟಿನ ಕಂದು ಬಣ್ಣಕ್ಕೆ ತಿರುಗಿತು. ಆಸಿಡ್ಡು ಬಿದ್ದಾಗ ಹಾಗೆ ಕಂದಾಗುವುದು ಕೆಂಪು ಸೀಸದ ಪುಡಿ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಬಳಿಯುವ ಬಣ್ಣಕ್ಕೆ ಹಾಕುತ್ತಾರಲ್ಲ, ಆ ಪುಡಿ. ಬಣ್ಣ ಕಣ್ಣಿಗೆ ಹೊಡೆಯಲೆಂದು ಯಾರೋ ಬೆರೆಸಿದ್ದರು. ನಲ್ಲಿಯ ಬಾಯಿಂದ ಅದು ಬಾಟಲಿಗೆ ತೊಳೆದು ಬರುತ್ತಿತ್ತು, ಬಾಟಲಿಯಲ್ಲಿ ನಾವೇ ಹಾಕಿಸುತ್ತಿದ್ದ ಆಸಿಡ್ಡು ಅದನ್ನು ಕರಗಿಸುತ್ತಿತ್ತು.

ಹೋಲಿಸಿ ನೋಡಲು ಒಳ್ಳೆಯ ಕುಂಕುಮ ಬೇಕಿತ್ತು. ನನ್ನ ಚೀಲದಲ್ಲಿ ಸಣ್ಣ ಡಬ್ಬಿ ಇಟ್ಟುಕೊಳ್ಳುವ ಅಭ್ಯಾಸ. ಅದರಿಂದ ಒಂದು ಚಿಟಿಕೆ ತೆಗೆದು ಪಕ್ಕದ ಬಟ್ಟಲಿಗೆ ಹಾಕಿ ಹನಿ ಬಿಟ್ಟೆ. ಅದೂ ಕಂದಾಯಿತು.

ತಿಪ್ಪೇಸ್ವಾಮಿ ನನ್ನ ಹಣೆಯನ್ನು ನೋಡಿ ಬೇರೆ ಕಡೆ ತಿರುಗಿದ. ಪಾಲಾಕ್ಷಪ್ಪನವರು ಹೇಳಿದರು: "ಗಿರಿಜಮ್ಮ, ಮೊದಲು ಹೋಗಿ ಮುಖ ತೊಳ್ಕೊಂಡು ಬನ್ನಿ."

ತೊಳೆದುಕೊಂಡೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಸಮಾಧಾನವಾಗಲಿಲ್ಲ. ವರ್ಷಗಟ್ಟಲೆ ಊರೂರಿನ ನೀರು ಜಾಲಾಡಿದವಳು ನಾನು. ನನ್ನ ಮಗಳು ಅಂಬೆಗಾಲಿಡುವಾಗ ದೇವರ ಮುಂದಿನ ಕುಂಕುಮದ ಬಟ್ಟಲಿಗೆ ಕೈ ಹಾಕಿ ಬಾಯಿಗಿಟ್ಟುಕೊಂಡದ್ದು ನೆನಪಾಯಿತು. ಆಗ ನಾವೆಲ್ಲ ಕೂತು ನಕ್ಕಿದ್ದೆವು. ಬಚ್ಚಲ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತೆ.

ಸೋಮವಾರ ಪಂಚಾಯ್ತಿಗೆ ಕಾಗದ ಹೋಗಲಿಲ್ಲ, ನಾವೇ ಹಟ್ಟಿಗೆ ಹೋದೆವು. ಕಟ್ಟೆಯ ಮೇಲೆ ಬಟ್ಟಲುಗಳನ್ನಿಟ್ಟು, ಓಬಮ್ಮನ ಮನೆಯ ಕುಂಕುಮವನ್ನೇ ತರಿಸಿ, ಹನಿ ಬಿಟ್ಟು ತೋರಿಸಿದೆ. ಬೋರಿನ ನೀರಿಗೆ ಏನೂ ಆಗಿಲ್ಲ, ಯಾರೂ ಮುಚ್ಚುವುದಿಲ್ಲ ಎಂದೆ. ಹೆಂಗಸರು ಉಸಿರು ಬಿಟ್ಟರು. ಓಬಮ್ಮ ಮಾತ್ರ ಕಂದಾದ ಬಟ್ಟಲನ್ನೇ ನೋಡುತ್ತಿದ್ದರು.

"ಶುಕ್ರವಾರ ಪೂಜೆ ಆದ್ಮ್ಯಾಗೆ" ಎಂದು ನಿಧಾನವಾಗಿ ಶುರು ಮಾಡಿದರು, "ನಲ್ಲಿಯಾಗೆ ಬೀಳೋ ಮೊದಲ ನೀರು ಚೊಂಬಿಗೆ ಹಿಡಿದು ಗಂಗಿಗೆ ತೀರ್ಥ ಅಂತ ಕುಡಿಸ್ತಿದ್ದೆ. ಕೂಸು ನಿಲ್ಲಲಿ ಅಂತ ಹರಕೆ ಮಾಡ್ಕಂಡಿದ್ದೆ."

ನನ್ನ ಕೈಯಲ್ಲಿದ್ದ ಆಸಿಡ್ಡಿನ ಬಾಟಲಿಯನ್ನು ಕೆಳಗಿಟ್ಟೆ. ಆ ಮಾತು ಯಾವ ಉಪಕರಣದಿಂದಲೂ ನಮಗೆ ತಿಳಿಯುತ್ತಿರಲಿಲ್ಲ.

"ಅಂದ್ರೆ ನಾನೇ ಕುಡಿಸಿದ್ನಾ ಮೇಡಮ್ಮೋರೆ?"

"ನೀವು ಕೊಟ್ಟಿದ್ದು ತೀರ್ಥ ಓಬಮ್ಮಾರೆ. ವಿಷ ಬೆರೆಸಿದ್ದು ಮಾರಿದವರು" ಅಂದೆ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಎದ್ದು ಗಂಗಿಯ ಬಳಿ ಹೋಗಿ, ಅವಳ ಹಣೆಯನ್ನು ಸೆರಗಿನಿಂದ ಒರೆಸಿದರು. ಕೆಂಪು ಹೋದ ಮೇಲೂ ಒರೆಸುತ್ತಲೇ ಇದ್ದರು. "ಬಿಡವ್ವ, ಉರೀತೈತೆ" ಎಂದು ಗಂಗಿ ಆಕೆಯ ಕೈ ಹಿಡಿದುಕೊಂಡಳು.

ಅದೇ ದಿನ ಗಂಗಿಯನ್ನು ನಮ್ಮ ವ್ಯಾನಿನಲ್ಲೇ ಮೊಳಕಾಲ್ಮೂರಿನ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆಗೆ ಹೊರಗೆ ಕಳಿಸಬೇಕಾಯಿತು. ಸೀಸ ಇತ್ತು. ಇನ್ನು ಮುಂದೆ ಒಳಗೆ ಹೋಗದಿದ್ದರೆ ಕಡಿಮೆಯಾಗುತ್ತಾ ಬರುತ್ತದೆ, ಹಾಲು, ರಾಗಿ, ಸೊಪ್ಪು ಚೆನ್ನಾಗಿ ತಿನ್ನಲಿ, ಆಗಾಗ ಬಂದು ತೋರಿಸಲಿ ಎಂದರು ವೈದ್ಯರು. ಕೂಸಿನ ವಿಷಯದಲ್ಲಿ ಭರವಸೆ ಕೊಡಲಿಲ್ಲ, ಹೆದರಿಸಲೂ ಇಲ್ಲ. ಸಂತೆಯ ಕುಂಕುಮದ ಬಗ್ಗೆ ಪಾಲಾಕ್ಷಪ್ಪನವರು ಮೇಲಿನವರಿಗೆ ತಿಳಿಸಿದರು. ಯಾರೋ ಬಂದು ಮಾದರಿ ತೆಗೆದುಕೊಂಡು ಹೋದರು. ಮಾರುವವರು ಕೆಲವು ವಾರ ಕಾಣಲಿಲ್ಲ. ಆಮೇಲೆ ಏನಾಯಿತೋ ನನಗೆ ತಿಳಿಯದು.

ಹೊಸ ಹುಡುಗಿಗೆ ಹೇಳಬೇಕಿದ್ದದ್ದು ಇದು. ತಿಪ್ಪೇಸ್ವಾಮಿ ಗೋಡೆಯ ಮೇಲೆ ಬರೆದಂತೆ ನಡೆದು, ನಲ್ಲಿ ಒರೆಸಿ ಬಾಟಲಿ ತುಂಬಿದ್ದರೆ ಸೀಸ ಸಿಗುತ್ತಲೇ ಇರಲಿಲ್ಲ. 'ನೀರು ಶುದ್ಧವಾಗಿದೆ' ಎಂದು ನಾನು ಸಹಿ ಹಾಕಿ ಕಳಿಸುತ್ತಿದ್ದೆ. ಗಂಗಿ ಪ್ರತಿ ಶುಕ್ರವಾರ ತೀರ್ಥ ಕುಡಿಯುತ್ತಿದ್ದಳು. ಇದು ತಿಳಿದ ಮೇಲೆ ನಾನು ಕ್ರಮ ಬದಲಾಯಿಸಿದೆ. ಎಲ್ಲ ಊರಲ್ಲೂ ಎರಡು ಬಾಟಲಿ ತುಂಬಿಸತೊಡಗಿದೆ, ಮೊದಲು ನಲ್ಲಿ ಇದ್ದ ಹಾಗೇ ಒಂದು, ಒರೆಸಿದ ಮೇಲೆ ಇನ್ನೊಂದು. ಕೆಲಸ ಎರಡರಷ್ಟಾಯಿತು. ಪಾಲಾಕ್ಷಪ್ಪನವರು ಗೊಣಗಿದರು, ಬೇಡ ಅನ್ನಲಿಲ್ಲ.

ಗಂಗಿಗೆ ಹೆಣ್ಣುಮಗು ಹುಟ್ಟಿತು. ದಿನ ತುಂಬಿಯೇ ಹುಟ್ಟಿತು, ತೂಕ ಸ್ವಲ್ಪ ಕಡಿಮೆ. ಬಾಣಂತಿ ಮೊದಲ ಸಲ ಹೊರಗೆ ಬಂದು ಗಂಗೆ ಪೂಜೆ ಮಾಡುವ ದಿನ ನನ್ನನ್ನೂ ಕರೆದರು. ಆವತ್ತು ನಮ್ಮ ಬಾಟಲಿಯ ಸರದಿಯೂ ಇತ್ತು, ತಿಪ್ಪೇಸ್ವಾಮಿಯ ಜೊತೆಗೇ ಹೋದೆ. ಗಂಗಿ ಕಟ್ಟೆಗೆ ನೀರು ಹಾಕಿ, ನಲ್ಲಿಗೆ ಹೂವಿಟ್ಟು, ಮನೆಯಲ್ಲೇ ಕುಟ್ಟಿದ ಅರಿಶಿನ ಹಚ್ಚಿದಳು. ಕುಂಕುಮದ ಬಟ್ಟಲು ತಟ್ಟೆಯಲ್ಲಿ ಇರಲಿಲ್ಲ. ಓಬಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಪಕ್ಕ ಕೂತಿದ್ದರು. ಗಂಗಿ ಅತ್ತ ಕಾಯಿ ಒಡೆಯಲು ಹೋದಾಗ ಮೆಲ್ಲಗೆ ಕೇಳಿದರು.

"ಮೇಡಮ್ಮೋರೆ, ಮೊದ್ಲು ಎರಡು ಸಲ ಹೋದ್ವಲ್ಲ, ಅವು ಇದ್ರಿಂದ್ಲೇನಾ? ಮದುವ್ಯಾಗಿ ಹೋಗಾವಾಗ ಆ ಕುಂಕುಮನೇ ಮಡ್ಲು ತುಂಬಿ ಕಳ್ಸಿದ್ದೆ."

ನನ್ನ ಇಡೀ ನೌಕರಿಯಲ್ಲಿ ಯಾರೂ ಇಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ. ಅಲ್ಲ ಎಂದರೆ ಸುಳ್ಳಾಗಬಹುದು. ಹೌದು ಎಂದರೂ ಸುಳ್ಳಾಗಬಹುದು. ಹೋದ ನೀರನ್ನು ಯಾವ ಮಣಿಯೂ ಹಿಡಿದಿಟ್ಟಿರುವುದಿಲ್ಲ.

"ಗೊತ್ತಿಲ್ಲ ಓಬಮ್ಮಾರೆ" ಅಂದೆ. "ತಿಳ್ಕೊಳ್ಳೋಕೆ ಈಗ ದಾರಿ ಇಲ್ಲ."

ಆಕೆ ತಲೆಯಾಡಿಸಿದರು. ಪೂಜೆ ಮುಗಿಯಿತು. ತಿಪ್ಪೇಸ್ವಾಮಿ ಚಪ್ಪಲಿ ಬಿಟ್ಟು ಬಂದು, ಇದ್ದ ಹಾಗೇ ಮೊದಲ ಬಾಟಲಿ ತುಂಬಿದ. ಎರಡನೆಯದನ್ನು ಹಿಡಿದು, ಅರಿಶಿನ ಹಚ್ಚಿದ ನಲ್ಲಿಯ ಮುಂದೆ ಬಟ್ಟೆ ಕೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತ. ಓಬಮ್ಮ ಮಗುವನ್ನು ನನ್ನ ಮಡಿಲಿಗೆ ಹಾಕಿ, ಮಂಡಿ ಹಿಡಿದುಕೊಂಡು ಎದ್ದು ಹೋದರು. ತಮ್ಮ ಹೊಸ ಸೀರೆಯ ಸೆರಗಿನಿಂದ ನಲ್ಲಿಯ ಬಾಯನ್ನು, ಹೊರಗೂ ಒಳಗೂ ಬೆರಳು ಹಾಕಿ ಒರೆಸಿದರು.

"ಹಿಡಿಯಪ್ಪ ಬಾಟ್ಲಿ" ಅಂದರು.